ಸ್ಟೇರಿಂಗ್ ಪಂಪಿನ ಬ್ರಾಕೆಟ್ಟು ಮುರಿದಾಗ

ಹಳೇ ಲಾರಿಗೆ ಬರುವ ಬ್ಯಾನಿಗಳಲ್ಲಿ ಪವರ್ ಸ್ಟೇರಿಂಗ್ ಪಂಪಿನ ಬ್ರಾಕೆಟ್ಟು ಮುರಿಯುವುದರಷ್ಟು ಮೋಜಿನದ್ದು ಇನ್ನೊಂದಿಲ್ಲ ನೋಡ್ರಿ. ಎಂಜಿನ್ನು ಕೆಟ್ಟರೆ ಓಣಿಗೆಲ್ಲ ಗೊತ್ತಾಗುತ್ತದೆ. ಗೇರ್‌ಬಾಕ್ಸ್ ಹೋದರೆ ಮಾಲೀಕರ ಮುಖ ನೋಡಿದರೆ ಸಾಕು. ಬ್ರಾಕೆಟ್ಟು ಮುರಿದಾಗ ಮಾತ್ರ ಮೊದಲು ಬೈಸಿಕೊಳ್ಳುವುದು ಬೆಲ್ಟು, ಆಮೇಲೆ ಪಂಪು, ಕಡೆಗೆ ಡ್ರೈವರ್. ಅಂಗೈ ಅಗಲದ ಬೀಡುಕಬ್ಬಿಣದ ತುಂಡು ಅದು. ಎಂಜಿನ್ನಿನ ಮಗ್ಗುಲಲ್ಲಿ ಪಂಪನ್ನು ಹಿಡಿದುಕೊಂಡು ವರ್ಷಗಟ್ಟಲೆ ಎಣ್ಣೆ, ದೂಳು, ಕಾವು ಎಲ್ಲ ತಿಂದು ಕೂತಿರುತ್ತದೆ. ಯಾರ ಕಣ್ಣೂ ಅದರ ಮೇಲೆ ಬೀಳುವುದಿಲ್ಲ. ಸಾಮಾನಿನ ಅಂಗಡಿಗೆ ಹೋದಾಗ ಹೆಸರು ಗೊತ್ತಿದ್ದವರೂ 'ಆ ಪಂಪ್ ಹಿಡಕೊಂಡಿರತೈತಲ್ರಿ, ಅದು' ಅಂತ ಎರಡೂ ಕೈಯಲ್ಲಿ ಮಾಡಿ ತೋರಿಸುತ್ತಾರೆ, ಹೌದಲ್ಲರೀ?

ಇದು ಶುರುವಾಗುವುದು ಸದ್ದಿನಿಂದ. ಬೆಳಿಗ್ಗೆ ಗಾಡಿ ಚಾಲೂ ಮಾಡಿ ಸ್ಟೇರಿಂಗ್ ಒಂದಿಷ್ಟು ತಿರುವಿದರೆ ಮುಂದಿನಿಂದ ಕಿರ್ರ್ ಅಂತ ಬೆಲ್ಟು ಚೀರುತ್ತದೆ. ಓಣಿಯ ನಾಯಿಗಳೆಲ್ಲ ಎದ್ದು ನಿಲ್ಲುತ್ತವೆ. ಡ್ರೈವರ್ ಇಳಿದು ಬೆಲ್ಟಿಗೆ ಸಾಬೂನು ಹಚ್ಚುತ್ತಾನೆ. ಬಟ್ಟೆ ಒಗೆಯುವ ಸಾಬೂನಿನ ತುಂಡನ್ನೇ ಓಡುವ ಬೆಲ್ಟಿಗೆ ಒತ್ತಿ ಹಿಡಿಯುವ ಧೈರ್ಯವಂತರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿರೆಂದು ಕೈ ಮುಗಿದು ಹೇಳಬೇಕು ಅವರಿಗೆ, ಬೆರಳು ಹೋದರೆ ಬರುತ್ತದೆಯೇ? ಸದ್ದು ನಾಲ್ಕು ದಿನ ಅಡಗುತ್ತದೆ. ಮತ್ತೆ ಬಂದಾಗ ಟಾಮಿ ಹಾಕಿ ಪಂಪನ್ನು ಹೊರಗೆ ಮೀಟಿ ಬೆಲ್ಟನ್ನು ಬಿಗಿ ಮಾಡುತ್ತಾರೆ. ಇನ್ನೊಮ್ಮೆ ಬಂದರೆ ಇನ್ನಷ್ಟು ಬಿಗಿ. ಬೆಲ್ಟು ತಂತಿಯಾಗುತ್ತದೆ, ಚೀರುವುದು ನಿಲ್ಲುತ್ತದೆ, ಎಲ್ಲರೂ ಸಮಾಧಾನದಿಂದ ಚಹಾ ಕುಡಿಯಲು ಹೋಗುತ್ತಾರೆ. ಆ ಎಳೆತವನ್ನೆಲ್ಲ ಈಗ ಹೊರುತ್ತಿರುವುದು ಬ್ರಾಕೆಟ್ಟಿನ ಕಿವಿಗಳು ಅನ್ನುವುದು ಚಹಾದಂಗಡಿಯಲ್ಲಿ ಯಾರಿಗೆ ನೆನಪಾಗಬೇಕು!

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆ ಹಳೇ ಲಾರಿಗಳಿಗೆ ಕೆಲಸ ಕಮ್ಮಿ ಅಂತ ತಿಳಿಯಬೇಡಿರಿ. ಹೆದ್ದಾರಿಯಲ್ಲಿ ಪುಣೆ-ಬೆಂಗಳೂರು ಓಡುವ ಹೊಸ ಗಾಡಿಗಳ ಮಾತೇ ಬೇರೆ. ಹಳೆಯವಕ್ಕೆ ಊರಿಂದೂರಿಗೆ ಸುತ್ತುವ ಕೆಲಸ. ಅಕ್ಕಿಆಲೂರಿನ ಭತ್ತ, ಹಾನಗಲ್ಲಿನ ಮಾವು, ಹಿರೇಕೆರೂರಿನ ಗೋವಿನಜೋಳ, ಸಂಗೂರಿನ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬು, ಸುಗ್ಗಿ ಬಂತೆಂದರೆ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ. ಇವುಗಳಲ್ಲಿ ಕೆಲವಕ್ಕೆ ಇನ್ನೂ ಕೆಎ-25 ನಂಬರು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೆ ಮುಂಚೆ ನಮ್ಮದೆಲ್ಲ ಧಾರವಾಡ ಜಿಲ್ಲೆಯೇ ಅಲ್ಲವೇ. ಕೆಎ-27 ಬಂದ ಮೇಲೂ ಆ ಹಳೇ ನಂಬರಿನ ಮೇಲೆ ಒಂಥರಾ ಮರ್ಯಾದೆ ಉಳಿದಿದೆ. 'ಇದು ಧಾರವಾಡ ಪಾಸಿಂಗ್ ಗಾಡಿರಿ' ಅಂತ ಹೇಳುವಾಗ ಮಾಲೀಕರ ಎದೆ ಒಂದಿಷ್ಟು ಮುಂದೆ ಬರುತ್ತದೆ.

ಈ ಸುತ್ತುವ ಕೆಲಸವೇ ಬ್ರಾಕೆಟ್ಟಿಗೆ ಮುಳುವು. ಹೆದ್ದಾರಿಯಲ್ಲಿ ನೆಟ್ಟಗೆ ಹೋಗುವಾಗ ಪಂಪಿಗೆ ಹೆಚ್ಚು ಕೆಲಸವಿಲ್ಲ. ಬ್ಯಾಡಗಿ ಪೇಟೆಯಲ್ಲಿ ಚೀಲಗಳ ನಡುವೆ ಗಾಡಿ ಹಿಂದೆ ಮುಂದೆ ಮಾಡಬೇಕು, ಕಬ್ಬಿನ ಹೊಲದ ಕೆಸರಲ್ಲಿ ನಿಂತಲ್ಲೇ ಗಾಲಿ ತಿರುವಬೇಕು. ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿ ಮುಂದಕ್ಕೆ ಹೋಗದೆ ನಿಂತಾಗ ಪಂಪಿನೊಳಗಿನ ಎಣ್ಣೆಯ ಒತ್ತಡ ನೂರು ಬಾರ್ ದಾಟಿ ಏರುತ್ತದೆ. ಗಾಲಿಯ ಗಾಳಿ ಆರೇಳು ಎಂಟು ಬಾರ್ ಇರುತ್ತದಲ್ಲ, ಅದಕ್ಕೆ ತಾಳೆ ಹಾಕಿ ನೋಡಿರಿ. ಆ ಒತ್ತಡ ಹುಟ್ಟಿಸಲು ಪುಲ್ಲಿಯನ್ನು ಬೆಲ್ಟು ಜಗ್ಗುತ್ತದೆ, ಪಂಪು ಬ್ರಾಕೆಟ್ಟನ್ನು ಜಗ್ಗುತ್ತದೆ. ಬಲ್ಲ ಡ್ರೈವರುಗಳು ಸ್ಟೇರಿಂಗ್ ಕೊನೆ ಮುಟ್ಟಿದ ಕೂಡಲೇ ಒಂದು ಬೆರಳಷ್ಟು ಹಿಂದಕ್ಕೆ ಬಿಡುತ್ತಾರೆ. ಹೊಸಬರು ಹಾಗೇ ಅಮುಕಿ ಹಿಡಿದು, ಎಕ್ಸಲೇಟರ್ ಒತ್ತಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಕ್ಲೀನರನ ಜೊತೆ ಜಗಳ ಮಾಡುತ್ತಿರುತ್ತಾರೆ.

ಪವರ್ ಸ್ಟೇರಿಂಗ್ ಇಲ್ಲದ ಕಾಲ ನೆನಪಿದೆಯೇ ನಿಮಗೆ? ಆ ದೊಡ್ಡ ಚಕ್ರ ತಿರುವಲು ಡ್ರೈವರ್ ಸೀಟಿನಿಂದ ಅರ್ಧ ಎದ್ದು ನಿಲ್ಲುತ್ತಿದ್ದ. ಹಳೇ ಡ್ರೈವರುಗಳ ತೋಳು ನೋಡಿದರೆ ಗರಡಿಮನೆಗೆ ಹೋಗಿ ಬಂದವರೇನೋ ಅನ್ನಿಸುತ್ತಿತ್ತು. ಬಂಕಾಪುರದ ಕಡೆಯ ಒಬ್ಬ ಹಿರಿಯರು, ನಾವೆಲ್ಲ ಕಾಕಾ ಅಂತಲೇ ಕರೆಯುತ್ತಿದ್ದೆವು, ಟಾಟಾ-ಬೆಂಜ್ ಓಡಿಸಿದವರು. 1954ರಿಂದ 1969ರ ತನಕ ಟಾಟಾದವರು ಜರ್ಮನಿಯ ಬೆಂಜ್ ಜೊತೆ ಸೇರಿ ಲಾರಿ ಮಾಡಿದರಲ್ಲ, ಆ ಗಾಡಿ. ಅದರ ಬಾನೆಟ್ಟಿನ ಮೇಲಿನ ನಕ್ಷತ್ರವನ್ನು ದಿನಾ ಬೆಳಿಗ್ಗೆ ತಮ್ಮ ಪಂಜೆಯ ತುದಿಯಲ್ಲೇ ಒರೆಸುತ್ತಿದ್ದರಂತೆ. 'ನಿಂತ ಗಾಡಿ ಸ್ಟೇರಿಂಗ್ ತಿರುವಬ್ಯಾಡ, ಗಾಲಿ ಉರುಳಲಿ, ಆಮ್ಯಾಲ ತಿರುವು' ಅನ್ನುವುದು ಅವರು ಕ್ಲೀನರುಗಳಿಗೆ ಕಲಿಸುತ್ತಿದ್ದ ಮೊದಲ ಪಾಠ. ಪವರ್ ಸ್ಟೇರಿಂಗ್ ಬಂದ ಮೇಲೆ ಆ ಪಾಠ ಮರೆತುಹೋಯಿತು ನೋಡಿರಿ. ಪಾಲಿಸಿದರೆ ಇವತ್ತಿನ ಪಂಪಿಗೂ ಅದು ಒಳ್ಳೆಯದೇ.

ಲಾರಿಯವರ ಭುಜ ಉಳಿಸಲೆಂದೇ ಪವರ್ ಸ್ಟೇರಿಂಗ್ ಹುಟ್ಟಿದ್ದು. ಅಮೆರಿಕದ ಪಿಯರ್ಸ್-ಆ್ಯರೋ ಕಂಪನಿಯ ಲಾರಿ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದ ಫ್ರಾನ್ಸಿಸ್ ಡೇವಿಸ್ 1926ರಲ್ಲಿ ಎಣ್ಣೆಯ ಒತ್ತಡದಿಂದ ಸ್ಟೇರಿಂಗ್ ತಿರುಗಿಸಿ ತೋರಿಸಿದರು. ನಮ್ಮ ದೇಶದ ಲಾರಿಗೆ ಅದನ್ನು ಅಶೋಕ್ ಲೇಲ್ಯಾಂಡಿನವರು ಮೊದಲಿಗೆ ತಂದದ್ದು 1969ರಲ್ಲಿ. ಆದರೆ ನಮ್ಮ ಹಳ್ಳಿಯ ದಾರಿಗೆ ಅದು ಬರುವ ಹೊತ್ತಿಗೆ ಬಹಳ ನೀರು ವರದಾ ನದಿಯಲ್ಲಿ ಹರಿದುಹೋಗಿತ್ತು ಬಿಡಿ. ಎಷ್ಟೋ ಗಾಡಿಗಳಿಗೆ ಹುಟ್ಟುವಾಗ ಪವರ್ ಸ್ಟೇರಿಂಗ್ ಇರಲೇ ಇಲ್ಲ, ಆಮೇಲೆ ಕೂರಿಸಿದ್ದು. ಬಾಕ್ಸು ಒಂದು ಗಾಡಿಯದು, ಪಂಪು ಇನ್ನೊಂದರದು. ಇವೆರಡನ್ನೂ ಒಪ್ಪಿಸುವ ಬ್ರಾಕೆಟ್ಟು ಯಾವ ಕಂಪನಿಯದೂ ಅಲ್ಲ, ಯಾವುದೋ ಊರಿನ ಯಾವುದೋ ಲೇಥಿನವರು ಅಳತೆ ನೋಡಿ ಮಾಡಿದ್ದು. ಅಂಥದ್ದು ಮುರಿದರೆ ಯಾವ ಅಂಗಡಿಯಲ್ಲಿ ಹುಡುಕುತ್ತೀರಿ ಹೇಳಿರಿ? ಹುಬ್ಬಳ್ಳಿಯ ಗೋಕುಲ ರಸ್ತೆ ಪೂರ್ತಿ ಸುತ್ತಿದರೂ ಸಿಗುವುದಿಲ್ಲ. ಮುರಿದ ತುಂಡುಗಳನ್ನು ಆರಿಸಿಕೊಂಡು ಮಿಸ್ತ್ರಿಯ ಮುಂದೆ ಇಡಲೇಬೇಕು.

ಅದಕ್ಕೇ ರಸ್ತೆಯಲ್ಲಿ ಮುರಿದರೆ ತುಂಡು ಬಿಟ್ಟು ಬರಬೇಡಿರಿ ಅಂತ ಹೇಳುವುದು. ಪಂಪನ್ನು ಹಗ್ಗದಿಂದಲೋ ಹಳೇ ಟ್ಯೂಬಿನ ಪಟ್ಟಿಯಿಂದಲೋ ಚಾಸಿಗೆ ಬಿಗಿಯಾಗಿ ಕಟ್ಟಬೇಕು, ಪೈಪು ಜಗ್ಗದಂತೆ, ಫ್ಯಾನಿಗೆ ತಾಗದಂತೆ. ಆ ಬೆಲ್ಟು ಪಂಪನ್ನಷ್ಟೇ ಓಡಿಸುತ್ತಿದ್ದರೆ ತೆಗೆದುಬಿಟ್ಟು ನಿಧಾನಕ್ಕೆ ಊರು ಸೇರಬಹುದು. ಸ್ಟೇರಿಂಗ್ ಕಲ್ಲಾಗುತ್ತದೆ, ಆದರೆ ಗಾಲಿ ತಿರುಗುತ್ತದೆ, ಯಾಕಂದರೆ ಚಕ್ರದಿಂದ ಗಾಲಿಯ ತನಕ ಕಬ್ಬಿಣದ ಸಂಬಂಧ ಇದ್ದೇ ಇದೆ, ಎಣ್ಣೆ ಬರೀ ನೆರವು ಕೊಡುವುದು. ಅದೇ ಬೆಲ್ಟು ವಾಟರ್ ಪಂಪನ್ನೂ ಓಡಿಸುತ್ತಿದ್ದರೆ ಮಾತ್ರ ಗಾಡಿ ಅಲ್ಲಿಂದ ಕದಲಿಸಬಾರದು. ಬೆಲ್ಟು ತೆಗೆದು ಓಡಿಸಿ ಎಂಜಿನ್ ಸುಟ್ಟುಕೊಂಡರೆ ಬ್ರಾಕೆಟ್ಟಿನ ಖರ್ಚು ಪುಣ್ಯದ ಖರ್ಚು ಅನ್ನಿಸೀತು.

ಈಗ ಮಿಸ್ತ್ರಿಯ ಮಾತಿಗೆ ಬರೋಣ. ಸವಣೂರಿನಲ್ಲಿ ಒಬ್ಬರಿದ್ದಾರೆ, ಚಾಚಾ ಅಂತ ಎಲ್ಲರೂ ಕರೆಯುತ್ತಾರೆ. ಸವಣೂರು ಎಲೆಯ ಊರಲ್ಲವೇ, ಅವರ ಬಾಯಲ್ಲಿ ಎಲೆ ಇಲ್ಲದ ಹೊತ್ತೇ ಇಲ್ಲ. ಮುರಿದ ತುಂಡು ಕೈಗೆ ಬಂದ ಕೂಡಲೇ ವೆಲ್ಡಿಂಗ್ ಮಷಿನ್ ಕಡೆ ಓಡುವವರಲ್ಲ ಅವರು. ಡೀಸೆಲ್ಲಿನಲ್ಲಿ ತೊಳೆಯಿಸುತ್ತಾರೆ, ಬಿಸಿಲಿಗೆ ಹಿಡಿಯುತ್ತಾರೆ, ಮುರಿದ ಜಾಗವನ್ನು ಉಗುರಿನಿಂದ ಕೆರೆಯುತ್ತಾರೆ. ಡ್ರೈವರ್ 'ಚಾಚಾ, ಸಂಜೀಗೆ ಲೋಡ್ ಐತ್ರಿ' ಅಂತ ಗೋಗರೆಯುತ್ತಿರುತ್ತಾನೆ. 'ಯಾಕ ಮುರೀತು ಅನ್ನೂದ ಗೊತ್ತಾಗೂತನ ನಾ ರಾಡ್ ಹಚ್ಚಂಗಿಲ್ಲ ತಮ್ಮಾ' ಅನ್ನುತ್ತಾರೆ. ಮುರಿದ ಮುಖದಲ್ಲಿ ಒಂದು ಭಾಗ ಕಪ್ಪಾಗಿ ಎಣ್ಣೆ ಕುಡಿದಿದ್ದರೆ ಬಿರುಕು ಹಳೆಯದು ಅಂತ ಅರ್ಥ, ಉಳಿದ ಭಾಗ ಬೆಳ್ಳಗೆ ಹೊಳೆಯುತ್ತಿದ್ದರೆ ಅದು ನಿನ್ನೆ ಮುರಿದದ್ದು. ಬಹಳ ಸಲ ಕಪ್ಪೇ ಮುಕ್ಕಾಲು ಇರುತ್ತದೆ. ತಿಂಗಳುಗಟ್ಟಲೆ ಒಳಗೇ ಸೀಳುತ್ತಾ ಬಂದದ್ದು ಕಾಲುಭಾಗದ ಮೇಲೆ ನಿಂತಿತ್ತು ಅಂತಾಯಿತು. ನನಗೆ ಇದನ್ನು ನೋಡಿದಾಗೆಲ್ಲ ಆ ಬೀಡಿನ ತುಂಡಿನ ಮೇಲೆ ಗೌರವ ಬರುತ್ತದೆ.

ಬಿರುಕು ಹೊರಡುವುದು ಹೆಚ್ಚಾಗಿ ಬೋಲ್ಟಿನ ತೂತಿನ ಅಂಚಿನಿಂದ. ಬೋಲ್ಟು ಸಡಿಲಾಗಿದ್ದರೆ ಆ ತೂತು ಉದ್ದವಾಗಿ ಸವೆದಿರುತ್ತದೆ. ಜೋಡೆತ್ತಿನ ಬಂಡಿಯಲ್ಲಿ ಒಂದು ಎತ್ತು ಮಲಗಿದರೆ ಇನ್ನೊಂದರ ಹೆಗಲಿಗೆ ಬರುವ ಪಾಡು ಉಳಿದ ಬೋಲ್ಟಿನ ಕಿವಿಗೆ ಬರುತ್ತದೆ. ಯಾವಾಗಲೋ ಒಂದು ಬೋಲ್ಟು ಬಿದ್ದುಹೋಗಿರುತ್ತದೆ, 'ಮೂರು ಅದಾವಲ್ಲ, ನಡೀತೈತಿ ಬಿಡು' ಅಂದಿರುತ್ತಾರೆ. ಇಲ್ಲವೇ ಪಂಪಿನ ಬೇರಿಂಗು ಕಚ್ಚಿಕೊಂಡಿರುತ್ತದೆ, ಪುಲ್ಲಿ ವಾಲಿರುತ್ತದೆ. ಇನ್ನು ಎಂಜಿನ್ ಮೌಂಟಿನ ರಬ್ಬರು ಸತ್ತು ಇಡೀ ಎಂಜಿನ್ನೇ ಕುಣಿಯುತ್ತಿದ್ದರಂತೂ ಕೇಳಬೇಡಿರಿ. ಇವುಗಳಲ್ಲಿ ಯಾವುದು ಅಂತ ಹಿಡಿಯದೆ ಬರೀ ಬೆಸುಗೆ ಹಾಕಿದರೆ ಅದೇ ಬ್ರಾಕೆಟ್ಟು ಅದೇ ಕಿವಿ, ಬರುವ ಅಮಾವಾಸ್ಯೆಗೆ ಮತ್ತೆ ಬಾಗಿಲಿಗೆ ಬರುತ್ತದೆ.

ಆಮೇಲೆ ಲೋಹ ಯಾವುದು ಅನ್ನುವ ಪರೀಕ್ಷೆ. ಬೀಡೋ ಉಕ್ಕೋ ಅಲ್ಯೂಮಿನಿಯಮ್ಮೋ? ಅಲ್ಯೂಮಿನಿಯಂ ಕೈಯಲ್ಲೇ ಹಗುರ, ಅದನ್ನು ಆರ್ಗಾನ್ ವೆಲ್ಡಿಂಗಿನವರ ಹತ್ತಿರ ಕಳಿಸಬೇಕು, ನಮ್ಮ ಸಣ್ಣ ಮಷಿನ್ನಿನ ಕೆಲಸವಲ್ಲ. ಬೀಡಿಗೂ ಉಕ್ಕಿಗೂ ಚಾಣ ಸಾಕು. ಅಂಚಿಗೆ ಚಾಣ ಇಟ್ಟು ಹೊಡೆದರೆ ಉಕ್ಕು ಸುರುಳಿಯಾಗಿ ಏಳುತ್ತದೆ, ಬೀಡು ಪುಡಿಯಾಗಿ ಉದುರುತ್ತದೆ. ಗ್ರೈಂಡರಿಗೆ ಹಿಡಿದರೆ ಉಕ್ಕಿನ ಕಿಡಿ ಉದ್ದಕ್ಕೆ ಹಾರುತ್ತದೆ, ಬೀಡಿನದು ಕೆಂಪಗೆ ಗಿಡ್ಡವಾಗಿ ಅಲ್ಲೇ ಸಾಯುತ್ತದೆ. ಬೀಡಿನಲ್ಲಿ ಇಂಗಾಲ ನೂರಕ್ಕೆ ಎರಡರಿಂದ ನಾಲ್ಕು ಪಾಲು, ಅದೂ ಗ್ರಾಫೈಟಿನ ಪದರಗಳಾಗಿ ಒಳಗೆ ಹರಡಿರುತ್ತದೆ. ಭಾರ ಹೊರುತ್ತದೆ, ಅದುರನ್ನು ನುಂಗುತ್ತದೆ, ಬಗ್ಗುವುದು ಮಾತ್ರ ಅದರ ಹುಟ್ಟುಗುಣದಲ್ಲಿಲ್ಲ. ಕಾಯಿಸಿ ಗಡಬಡಿಸಿ ತಣ್ಣಗೆ ಮಾಡಿದರೆ ಬೆಸುಗೆಯ ಮಗ್ಗುಲಲ್ಲೇ ಟಿಣ್ ಅಂತ ಸೀಳುತ್ತದೆ. ಆ ಟಿಣ್ ಸದ್ದು ಕೇಳಿದ ವೆಲ್ಡರನ ಮುಖ ನೋಡಿದ್ದೀರಾ? ಪಾಪ, ಊಟ ಸೇರುವುದಿಲ್ಲ ಅವತ್ತು.

ಹಾಗಾಗಿ ತಾಳ್ಮೆಯೇ ಅರ್ಧ ಕೆಲಸ. ಬಿರುಕಿನ ತುದಿಯಲ್ಲಿ ಮೂರು ಮಿಲಿಮೀಟರಿನ ಸಣ್ಣ ತೂತು ಕೊರೆಯುತ್ತಾರೆ, ಬಿರುಕು ಮುಂದಕ್ಕೆ ಓಡದಿರಲಿ ಅಂತ. ಬಿರುಕಿನ ಉದ್ದಕ್ಕೂ ಕಣಿವೆ ತೆಗೆಯುತ್ತಾರೆ. ಎಣ್ಣೆ ಕುಡಿದ ಬೀಡನ್ನು ಮೊದಲು ಕಾಯಿಸಿ ಆ ಎಣ್ಣೆ ಸುಟ್ಟುಹೋಗುವಂತೆ ಮಾಡುತ್ತಾರೆ. ನಿಕಲ್ ರಾಡು ತುಟ್ಟಿ, ಅಂಗಡಿಯವರು ಒಂದೊಂದೇ ಎಣಿಸಿ ಕೊಡುತ್ತಾರೆ. ಒಂದು ಇಂಚು ಹಚ್ಚುವುದು, ಸಣ್ಣ ಸುತ್ತಿಗೆಯಿಂದ ಟಕಟಕ ತಟ್ಟುವುದು, ಕಾಯುವುದು, ಮತ್ತೆ ಒಂದು ಇಂಚು. ಮುಗಿದ ಮೇಲೆ ಒಣ ಬೂದಿಯಲ್ಲೋ ಸುಣ್ಣದ ಪುಡಿಯಲ್ಲೋ ಹೂತು ಬೆಳಗಿನ ತನಕ ಮುಟ್ಟದೆ ಬಿಡುವುದು. ಚಾಚಾ ಮನೆಯ ಒಲೆಬೂದಿಯನ್ನೇ ಡಬ್ಬಿಯಲ್ಲಿ ತುಂಬಿಟ್ಟಿರುತ್ತಾರೆ. ಗ್ಯಾಸ್ ಬಂದ ಮೇಲೆ ಬೂದಿ ಸಿಗುವುದೇ ಕಷ್ಟವಾಗಿದೆಯಂತೆ, ನೀರು ಕಾಯಿಸುವ ಹಂಡೆಯ ಒಲೆ ಇರುವ ಮನೆಗಳಿಂದ ಹುಡುಗರನ್ನು ಕಳಿಸಿ ತರಿಸುತ್ತಾರೆ. ನಿಕಲ್ ರಾಡಿಗಿಂತ ಹಿತ್ತಾಳೆ ಬೆಸುಗೆಯೇ ವಾಸಿ ಅನ್ನುವವರೂ ಇದ್ದಾರೆ. ಅದರಲ್ಲಿ ಬೀಡು ಕರಗುವುದೇ ಇಲ್ಲ, ಕರಗಿದ ಹಿತ್ತಾಳೆ ಎರಡೂ ಮುಖಗಳನ್ನು ಹಿಡಿದುಕೊಳ್ಳುತ್ತದೆ. ಕಾವು ಹೆಚ್ಚಿಲ್ಲದ ಜಾಗಕ್ಕೆ ಅದು ಒಳ್ಳೆಯ ಕೆಲಸವೇ.

ಕಿವಿ ಪುಡಿಪುಡಿಯಾಗಿದ್ದರೆ ಮಾತ್ರ ಬೆಸುಗೆಯ ಮೋಹ ಬಿಡಬೇಕು ಅನ್ನುವುದು ನನ್ನ ಅಭಿಪ್ರಾಯ. ಹೊಸದನ್ನೇ ಮಾಡಿಸಿರಿ. ಹತ್ತು ಹನ್ನೆರಡು ಮಿಲಿಮೀಟರಿನ ಉಕ್ಕಿನ ಪ್ಲೇಟು, ಮೂಲೆಗೆ ಆಸರೆಯ ಪಟ್ಟಿ. ಇದರಲ್ಲಿ ಅಳತೆ ತೆಗೆಯುವ ರೀತಿ ನೋಡಬೇಕು ನೀವು, ಬಹಳ ಚಂದ. ಎಂಜಿನ್ನಿನ ಮೇಲೆ ಬ್ರಾಕೆಟ್ಟು ಕೂರುವ ಜಾಗಕ್ಕೆ ಗ್ರೀಸ್ ಸವರಿ ಅದರ ಮೇಲೆ ಒಂದು ದಪ್ಪ ಲಗ್ನಪತ್ರಿಕೆ ಒತ್ತುತ್ತಾರೆ. ತೂತುಗಳೆಲ್ಲ ದುಂಡಗೆ ಮೂಡುತ್ತವೆ. ಹಿರೇಕೆರೂರಿನ ಒಂದು ಲೇಥಿನಲ್ಲಿ ಇಂಥ ಪತ್ರಿಕೆಗಳನ್ನು ಮೊಳೆಗೆ ಸಿಕ್ಕಿಸಿ ಇಟ್ಟಿದ್ದಾರೆ. ಎಷ್ಟೋ ವರ್ಷದ ಹಿಂದಿನ ಮದುವೆಗಳು, ಬೆಳ್ಳಿ ಬಣ್ಣದ ಗಣಪತಿಯ ಕೆಳಗೆ ಎಣ್ಣೆಯ ಗುಂಡು ಗುರುತುಗಳು. ಅದೇ ಗಾಡಿ ಮತ್ತೆ ಬಂದರೆ 'ಆ ಬೀಗರ ಪತ್ರಿಕಿ ತಗೀ' ಅನ್ನುತ್ತಾರೆ, ಹುಡುಗ ಸರಿಯಾದದ್ದನ್ನೇ ತೆಗೆದುಕೊಡುತ್ತಾನೆ. ಆ ದಂಪತಿಗಳಿಗೆ ಗೊತ್ತೇ ಇರಲಿಕ್ಕಿಲ್ಲ, ತಮ್ಮ ಮದುವೆಯ ಕಾಗದದ ಮೇಲೆ ಒಂದು ಲಾರಿ ನಡೆದಿದೆ ಅಂತ.

ಆ ಲೇಥು ಕೂಡ ಸಾಮಾನ್ಯದ್ದಲ್ಲ. ಹರಿಹರದ್ದು, ಮೈಸೂರು ಕಿರ್ಲೋಸ್ಕರ್. 1941ರಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಶುರುವಾದ ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು, ಅದರ ಲೇಥುಗಳು ಇನ್ನೂ ನಮ್ಮ ಕಡೆ ತಿರುಗುತ್ತಲೇ ಇವೆ. ಬೆಡ್ಡಿನ ಮೇಲೆ ಕೈ ಆಡಿಸಿದರೆ ಗಾಜಿನ ನುಣುಪು. ಹಿಂದೆ ಹರಿಹರದಲ್ಲಿ ಕೆಲಸ ಮಾಡಿ ಬಂದವರು ಅದರ ಮುಂದೆ ನಿಂತರೆ ಅಲ್ಲಿಂದ ಕದಲುವುದೇ ಇಲ್ಲ, ಗೇರು ಹಾಕಿ ನೋಡುತ್ತಾರೆ, ಕಿವಿಗೊಟ್ಟು ಕೇಳುತ್ತಾರೆ. ಅದು ಬೀಡಿನದೇ ಮೈ, ನೆನಪಿಡಿರಿ. ಎಷ್ಟು ದಶಕದ ಅದುರನ್ನು ಅದು ನುಂಗಿದೆಯೋ! ಬೀಡು ಅಂದರೆ ಮುರುಕು ಅಂತ ಮೂಗು ಮುರಿಯುವವರಿಗೆ ನಾನು ಆ ಲೇಥನ್ನೇ ತೋರಿಸುತ್ತೇನೆ. ಸರಿಯಾಗಿ ಕೂರಿಸಿದ ಬೀಡು ಮುರಿಯುವುದಿಲ್ಲ, ಅಲ್ಲೇನ್ರಿ?

ಮಾತು ಎಲ್ಲಿಂದೆಲ್ಲಿಗೋ ಹೋಯಿತು. ಕೂರಿಸುವುದರ ಬಗ್ಗೆ ಹೇಳಬೇಕಿತ್ತು. ಬೆಸುಗೆಯನ್ನು ಗಾಡಿಯ ಮೇಲೆಯೇ ಹಾಕಿಸುವ ಅವಸರ ಬೇಡ, ಬಿಚ್ಚಿ ಕೆಳಗೆ ತರಿಸಿರಿ. ಬಿಚ್ಚಲು ಆಗಲೇ ಇಲ್ಲವೆಂದರೆ ಬ್ಯಾಟರಿಯ ವೈರು, ಆಲ್ಟರ್ನೇಟರಿನ ವೈರು ತೆಗೆಸಿಯೇ ಮುಟ್ಟಬೇಕು. ವೆಲ್ಡಿಂಗಿನ ಅರ್ಥಿಂಗ್ ಕ್ಲಿಪ್ಪು ಬೆಸುಗೆಯ ಪಕ್ಕದಲ್ಲೇ ಇರಬೇಕು, ದೂರ ಎಲ್ಲೋ ಸಿಕ್ಕಿಸಿದರೆ ಕರೆಂಟು ಪಂಪಿನ ಬೇರಿಂಗಿನ ಮೂಲಕ ಹಾದು ಅದನ್ನೂ ಕೆಡಿಸುತ್ತದೆ. ಹಳೇ ಬೋಲ್ಟುಗಳನ್ನೇ ಹಾಕಬೇಡಿರಿ, ತಲೆಯ ಮೇಲೆ 8.8 ಅಂತ ಒತ್ತಿದ್ದು ಕೇಳಿ ತನ್ನಿರಿ, ಸ್ಪ್ರಿಂಗ್ ವಾಶರ್ ಮರೆಯಬೇಡಿರಿ. ಪುಲ್ಲಿಗಳು ಒಂದೇ ಸಾಲಿನಲ್ಲಿವೆಯೋ ನೋಡಲು ಒಂದು ದಾರ ಸಾಕು, ಎರಡರ ಮುಖಕ್ಕೂ ಎಳೆದು ಹಿಡಿದರೆ ಎಲ್ಲಿ ಸಂದಿ ಬಿಟ್ಟಿದೆ ಅಂತ ಕಾಣುತ್ತದೆ. ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚು ಒಳಗೆ ಹೋಗಬೇಕು, ತಂತಿಯಾಗಬಾರದು. ಎಣ್ಣೆ ತುಂಬಿ ಸ್ಟೇರಿಂಗನ್ನು ಆಕಡೆ ಈಕಡೆ ನಿಧಾನಕ್ಕೆ ತಿರುವಿ ಗಾಳಿ ಹೊರಡಿಸಬೇಕು, ಡಬ್ಬಿಯೊಳಗೆ ನೊರೆ ಅಡಗುವ ತನಕ.

ಒಂದು ಮಾತು ಮಾತ್ರ ನಗುನಗುತ್ತಾ ಹೇಳುವುದಲ್ಲ. ಬ್ರಾಕೆಟ್ಟಿಗೆ ಬೆಸುಗೆ ಹಾಕಬಹುದು, ಸ್ಟೇರಿಂಗಿನ ಆರ್ಮು, ಡ್ರ್ಯಾಗ್ ಲಿಂಕು, ಬಾಲ್ ಜಾಯಿಂಟು ಇವಕ್ಕೆ ಕೂಡದು. ಬ್ರಾಕೆಟ್ಟು ಮುರಿದರೆ ಸ್ಟೇರಿಂಗ್ ಭಾರವಾಗುತ್ತದೆ, ಅಷ್ಟೇ. ಇವು ಮುರಿದರೆ ಗಾಲಿಗೂ ಚಕ್ರಕ್ಕೂ ಸಂಬಂಧವೇ ಹರಿಯುತ್ತದೆ. ಒಳ್ಳೆಯ ಮಿಸ್ತ್ರಿಗಳು ಎಷ್ಟು ದುಡ್ಡು ಕೊಟ್ಟರೂ ಅವಕ್ಕೆ ರಾಡು ಹಚ್ಚುವುದಿಲ್ಲ. ಹಚ್ಚಿಕೊಡುತ್ತೇನೆ ಅಂದವರ ಗ್ಯಾರೇಜಿನಿಂದ ಗಾಡಿ ಎಳೆಸಿಕೊಂಡಾದರೂ ಬನ್ನಿರಿ. ಎಂಟು ವರ್ಷ ದಾಟಿದ ಲಾರಿಗೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಮಾಡಿಸಲೇಬೇಕಲ್ಲ, ಆಗ ಬಣ್ಣ ಹೊಡೆಸುವ ಖರ್ಚಿನಲ್ಲಿ ಒಂದಿಷ್ಟು ಉಳಿಸಿ ಈ ಜೋಡಣೆಗಳನ್ನು ಬಿಚ್ಚಿ ನೋಡಿಸಿರಿ.

ಮೆಣಸಿನಕಾಯಿ ಸುಗ್ಗಿ ಹತ್ತಿರ ಬರುತ್ತಿದೆ. ನಿಮ್ಮ ಮನೆಯಲ್ಲೋ ಬೀಗರ ಮನೆಯಲ್ಲೋ ಹಳೇ ಗಾಡಿ ಇದ್ದರೆ, ಮೊದಲ ಲೋಡಿಗೆ ಮುಂಚೆ ಹದಿಮೂರರದೂ ಹದಿನೇಳರದೂ ಪಾನಾ ತೆಗೆದುಕೊಂಡು ಆ ಬ್ರಾಕೆಟ್ಟಿನ ಬೋಲ್ಟುಗಳನ್ನು ಒಮ್ಮೆ ಬಿಗಿ ಮಾಡಿಸಿರಿ, ಬಿದ್ದುಹೋದ ಒಂದನ್ನು ಹಾಕಿಸಿರಿ.